ಅಳತೆಗೋಲೇ ಮುರಿದು ಬಿದ್ದಾಗ

2023ರ ಜೂನ್ 18ರ ಭಾನುವಾರ ಗೃಹಜ್ಯೋತಿ ಯೋಜನೆಗೆ ನೋಂದಣಿ ಶುರುವಾಯಿತು. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್. ರಾಜ್ಯದ ಉದ್ದಗಲಕ್ಕೂ ಜನ ಆಧಾರ್ ಕಾರ್ಡು, ಕರೆಂಟ್ ಬಿಲ್ಲು ಹಿಡಿದು ಸೇವಾ ಕೇಂದ್ರಗಳ ಮುಂದೆ ಸಾಲುಗಟ್ಟಿದರು. ಮೊದಲ ದಿನಗಳಲ್ಲಿ ಜಾಲತಾಣ ಆ ಒತ್ತಡ ತಾಳದೆ ತಡವರಿಸಿತು. ಅದಕ್ಕೂ ಒಂಬತ್ತು ವರ್ಷ ಹಿಂದೆ, 2014ರ ಅಕ್ಟೋಬರ್ 6ರಂದು, ಬೆಂಗಳೂರಿನ ಫ್ಲಿಪ್‌ಕಾರ್ಟ್ ತನ್ನ ಮೊದಲ ‘ಬಿಗ್ ಬಿಲಿಯನ್ ಡೇ’ ಮಾರಾಟದಲ್ಲಿ ಇದೇ ರೀತಿ ಮುಗ್ಗರಿಸಿತ್ತು. ಸಂಸ್ಥಾಪಕರು ಮರುದಿನವೇ ಗ್ರಾಹಕರ ಕ್ಷಮೆ ಕೇಳಿದರು. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ನಿಂತುಹೋದಾಗ ಸರ್ಕಾರ ಕೊಟ್ಟ ಕಾರಣ ಬೇರೆ. ಯಾರೋ ಬೇಕೆಂದೇ ನಕಲಿ ಕೋರಿಕೆಗಳ ಸುರಿಮಳೆ ಸುರಿಸಿದ್ದಾರೆ, ಇದು ದಾಳಿ ಎಂದಿತು.

ಈ ಮೂರೂ ಸಂದರ್ಭಗಳಲ್ಲಿ ಈಚೆ ಕಾದಿದ್ದವರಿಗೆ ಸಿಕ್ಕಿದ್ದು ಒಂದೇ ಮಾತು: ಸರ್ವರ್ ಡೌನ್. ಶಿವಮೊಗ್ಗದ ವಿನೋಬನಗರದ ನೂರಡಿ ರಸ್ತೆಯ ಸೈಬರ್ ಅಂಗಡಿಯಲ್ಲಾಗಲಿ, ಭದ್ರಾವತಿಯ ಬಸ್ ನಿಲ್ದಾಣದ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಾಗಲಿ ಆ ಮಾತು ಹೇಳಿದ ಮೇಲೆ ವಿಚಾರಣೆ ಮುಗಿಯುತ್ತದೆ. ಆದರೆ ತಂತ್ರಾಂಶದ ಕೆಲಸ ಮಾಡುವವರಿಗೆ ವಿಚಾರಣೆ ಶುರುವಾಗುವುದೇ ಅಲ್ಲಿಂದ. ಬಿದ್ದದ್ದು ಯಾವುದು? ಬೀಳಿಸಿದ್ದು ಯಾರು? ಬೀಳುವ ಮುನ್ನ ಅದು ಏನು ಹೇಳಿತು?

ಜನ ಬಂದು ಕುಸಿಯುವ ತನಕ ಕಾಯಬೇಕಿಲ್ಲ, ಮೊದಲೇ ಪರೀಕ್ಷಿಸಿ ನೋಡಲು ತಂತ್ರಾಂಶಗಳಿವೆ. ಸಾವಿರಾರು ಗ್ರಾಹಕರ ವೇಷ ಹಾಕಿ ಡೇಟಾಬೇಸ್‌ನ ಮೇಲೆ ಏಕಕಾಲಕ್ಕೆ ಮುಗಿಬಿದ್ದು, ಸೆಕೆಂಡಿಗೆ ಎಷ್ಟು ವ್ಯವಹಾರ ನಡೆಯಿತು, ಒಂದೊಂದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಇವು ಲೆಕ್ಕ ಕೊಡುತ್ತವೆ. ಇವುಗಳಿಗೆ ಬೆಂಚ್‌ಮಾರ್ಕ್ ಸಾಧನ ಎನ್ನುತ್ತಾರೆ. ಉತ್ತಮವಾದವು ಮುಕ್ತ ತಂತ್ರಾಂಶಗಳಾಗಿ ಪುಕ್ಕಟೆ ಸಿಗುತ್ತವೆ. ತೊಡಕು ಎಲ್ಲೆಂದರೆ, ಅಳೆಯಲು ಹೊರಟ ಸಾಧನವೇ ಅರ್ಧ ದಾರಿಯಲ್ಲಿ ಧೊಪ್ಪೆಂದು ಬೀಳುವುದು ತೀರಾ ಸಾಮಾನ್ಯ. ಆಗ ಬಹಳ ಮಂದಿ ಒಂದು ಸಲ ಬೈದು ಅದೇ ಆಜ್ಞೆಯನ್ನು ಮತ್ತೆ ಓಡಿಸುತ್ತಾರೆ. ಎರಡನೇ ಸಲ ಓಡಿದರೆ ಬಂದ ಅಂಕಿಯನ್ನು ಬರೆದುಕೊಂಡು ಮುಂದೆ ಹೋಗುತ್ತಾರೆ. ನನ್ನ ತಕರಾರು ಇರುವುದು ಇಲ್ಲಿ. ಮೊದಲ ಸಲ ಬಿದ್ದದ್ದೇಕೆ ಎಂದು ತಿಳಿಯದೆ ಎರಡನೇ ಸಲದ ಅಂಕಿಯನ್ನು ನಂಬುವ ಹಾಗಿಲ್ಲ.

ಈ ಸಾಧನಗಳ ವಂಶಾವಳಿಯನ್ನು ಸ್ವಲ್ಪ ನೋಡೋಣ. 1985ರ ಏಪ್ರಿಲ್ 1ರ ‘ಡೇಟಾಮೇಷನ್’ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಬ್ಯಾಂಕಿನ ಕೌಂಟರಿನಲ್ಲಿ ನಡೆಯುವ ಜಮಾ-ಖರ್ಚಿನ ವ್ಯವಹಾರವನ್ನೇ ಮಾದರಿಯಾಗಿಟ್ಟುಕೊಂಡು ಕಂಪ್ಯೂಟರಿನ ತಾಕತ್ತು ಅಳೆಯುವ ‘ಡೆಬಿಟ್‌ಕ್ರೆಡಿಟ್’ ಎಂಬ ಪರೀಕ್ಷೆಯನ್ನು ಅದು ಮುಂದಿಟ್ಟಿತು. ಲೇಖಕರ ಜಾಗದಲ್ಲಿ ‘ಅನಾಮಿಕ ಮತ್ತು ಇತರರು’ ಎಂದಿತ್ತು. ಹಿಂದೆ ಇದ್ದವರು ಆಗ ಟ್ಯಾಂಡಮ್ ಕಂಪ್ಯೂಟರ್ಸ್‌ನಲ್ಲಿದ್ದ ಜಿಮ್ ಗ್ರೇ. 1998ರ ಟ್ಯೂರಿಂಗ್ ಪ್ರಶಸ್ತಿ ಸಂದದ್ದು ಇವರಿಗೇ. ಆದರೆ ಒಂದೊಂದು ಕಂಪನಿಯೂ ಆ ಪರೀಕ್ಷೆಯನ್ನು ತನಗೆ ಅನುಕೂಲವಾಗುವ ಹಾಗೆ ತಿರುಚಿ ಅಂಕಿ ಪ್ರಕಟಿಸತೊಡಗಿತು. ಅದಕ್ಕೆ ಕಡಿವಾಣ ಹಾಕಲು 1988ರಲ್ಲಿ ಒಮ್ರಿ ಸೆರ್ಲಿನ್ ಎಂಟು ಕಂಪನಿಗಳನ್ನು ಒಟ್ಟುಗೂಡಿಸಿ ಟಿಪಿಸಿ ಎಂಬ ಮಂಡಳಿ ಕಟ್ಟಿದರು. 1992ರಲ್ಲಿ ಆ ಮಂಡಳಿ ಟಿಪಿಸಿ-ಸಿ ಎಂಬ ಪರೀಕ್ಷೆಯನ್ನು ಅಂಗೀಕರಿಸಿತು. ಅದರಲ್ಲಿ ಒಂದು ಸಗಟು ವ್ಯಾಪಾರದ ಸಂಸ್ಥೆ ಇದೆ. ಒಂದು ಗೋದಾಮಿಗೆ ಹತ್ತು ವಲಯ, ಒಂದು ವಲಯಕ್ಕೆ 3,000 ಗ್ರಾಹಕರು, ಒಟ್ಟು ಒಂದು ಲಕ್ಷ ಬಗೆಯ ಸರಕು. ಆರ್ಡರ್ ಬರುತ್ತದೆ, ಹಣ ಪಾವತಿಯಾಗುತ್ತದೆ, ಸರಕು ಹೊರಡುತ್ತದೆ. ಇಂದಿಗೂ ಡೇಟಾಬೇಸ್ ಪರೀಕ್ಷೆಯೆಂದರೆ ಬಹುತೇಕ ಈ ಗೋದಾಮಿನದೇ ಕಥೆ.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನ ಜೊತೆಗೇ ಬರುವ ಪಿಜಿಬೆಂಚ್, ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ಬಳಸುವವರ ಕೈಗೆ ಒಗ್ಗಿದ ಸಿಸ್‌ಬೆಂಚ್, ಯಾಹೂ ಸಂಶೋಧಕರು 2010ರಲ್ಲಿ ಹೊರತಂದ ವೈಸಿಎಸ್‌ಬಿ, ಮೊದಲು ಹ್ಯಾಮರೋರಾ ಆಗಿದ್ದು ಈಗ ಟಿಪಿಸಿಯ ಆಶ್ರಯದಲ್ಲೇ ಇರುವ ಹ್ಯಾಮರ್‌ಡಿಬಿ — ಎಲ್ಲ ಈ ಮನೆತನದವು. ನಮ್ಮ ರಾಜ್ಯದ ಪಾಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಜಯಂತ್ ಹರಿತ್ಸ ಅವರ ಪ್ರಯೋಗಾಲಯ ‘ಪಿಕಾಸೊ’ ಎಂಬ ಸಾಧನ ರೂಪಿಸಿತು. ಒಂದೇ ಪ್ರಶ್ನೆಗೆ ಡೇಟಾಬೇಸ್ ಎಷ್ಟು ಬಗೆಯ ದಾರಿ ಹಿಡಿಯುತ್ತದೆ ಎಂಬುದನ್ನು ಅದು ಬಣ್ಣಬಣ್ಣದ ನಕ್ಷೆಯಾಗಿ ತೋರಿಸುತ್ತದೆ; ಆ ನಕ್ಷೆಗಳು ಕ್ಯೂಬಿಸ್ಟ್ ವರ್ಣಚಿತ್ರಗಳನ್ನು ಹೋಲುತ್ತಿದ್ದರಿಂದ ಆ ಹೆಸರು. ಅದೇ ಪ್ರಯೋಗಾಲಯದ ‘ಕಾಡ್’ ಎಂಬ ಇನ್ನೊಂದು ಸಾಧನ ಇನ್ನೂ ವಿಚಿತ್ರ: ನಿಜವಾದ ದತ್ತಾಂಶ ಒಂದಿಷ್ಟೂ ಇಲ್ಲದೆ, ಬರೀ ಅದರ ವಿವರಣೆಯನ್ನು ಸೃಷ್ಟಿಸಿ, ಭಾರೀ ಗಾತ್ರದ ಡೇಟಾಬೇಸ್ ಇದೆಯೆಂದು ನಂಬಿಸಿ ಪರೀಕ್ಷಿಸುತ್ತದೆ.

ಭದ್ರಾವತಿಯ ನೆರೆಯವರಿಗೆ ಒಂದು ಮಾತು ಬೇಗ ಅರ್ಥವಾದೀತು. 1918ರಲ್ಲಿ ಮೈಸೂರು ಸಂಸ್ಥಾನ ಅಡಿಪಾಯ ಹಾಕಿದ ಕಬ್ಬಿಣದ ಕಾರ್ಖಾನೆಯಿಂದಾಗಿ ಉಕ್ಕಿನ ಗುಣ ನೋಡುವುದು ಆ ಊರಿಗೆ ಹಳೆಯ ಕಸುಬು. ಉಕ್ಕಿನ ತುಂಡೊಂದನ್ನು ಎರಡೂ ತುದಿಯಲ್ಲಿ ಕಚ್ಚಿ ಹಿಡಿದು, ಹರಿಯುವವರೆಗೆ ಎಳೆದು ಅದರ ಬಲ ಅಳೆಯುತ್ತಾರೆ. ತುಂಡು ನಡುವೆ ಹರಿದರೆ ಅದು ಉಕ್ಕಿನ ಬಲ. ಯಂತ್ರದ ಹಿಡಿತದೊಳಗೇ ಹರಿದರೆ ಆ ಅಂಕಿಗೆ ಬೆಲೆಯಿಲ್ಲ, ಹೊಸ ತುಂಡು ಇಟ್ಟು ಮತ್ತೆ ಎಳೆಯಬೇಕು. ಡೇಟಾಬೇಸ್ ಪರೀಕ್ಷೆಯಲ್ಲೂ ಮೊದಲು ಕೇಳಬೇಕಾದ್ದು ಅದನ್ನೇ: ಹರಿದದ್ದು ತುಂಡೋ, ಹಿಡಿತವೋ? ಇಲ್ಲಿ ಮೂರನೆಯದೂ ಒಂದಿದೆ. ಎರಡನ್ನೂ ಹೊತ್ತು ನಿಂತ ಆಪರೇಟಿಂಗ್ ಸಿಸ್ಟಮ್.

ಮೊದಲ ಸುಳಿವು ಸಿಗುವುದು ಒಂದು ಪುಟ್ಟ ಸಂಖ್ಯೆಯಲ್ಲಿ. ಲಿನಕ್ಸ್‌ನಲ್ಲಿ ಯಾವುದೇ ಪ್ರೋಗ್ರಾಮ್ ಕೊನೆಯಾದಾಗ ಒಂದು ನಿರ್ಗಮನ ಸಂಖ್ಯೆ ಬಿಟ್ಟು ಹೋಗುತ್ತದೆ. ಸೊನ್ನೆಯಾದರೆ ಎಲ್ಲ ಸರಿ. 139 ಬಂದರೆ ಪ್ರೋಗ್ರಾಮ್ ತನ್ನದಲ್ಲದ ಮೆಮೊರಿಗೆ ಕೈಹಾಕಿ ಸತ್ತಿದೆ. ಶೆಲ್ ಅದನ್ನು 128ರ ಮೇಲೆ 11ನೇ ಸಿಗ್ನಲ್ ಎಂದು ಲೆಕ್ಕ ಹಾಕುತ್ತದೆ. 134 ಬಂದರೆ 6ನೇ ಸಿಗ್ನಲ್, ಅಂದರೆ ಒಳಗೆ ಏನೋ ಕೆಟ್ಟಿದೆ ಎಂದು ಕಂಡು ಪ್ರೋಗ್ರಾಮ್ ತಾನಾಗಿಯೇ ನಿಂತಿದೆ. 137 ಬಂದರೆ 9ನೇ ಸಿಗ್ನಲ್, ಹೊರಗಿನವರು ಯಾರೋ ಕೊಂದಿದ್ದಾರೆ. ಈ ಮೂರಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ. ಆದರೂ ಈ ಸಂಖ್ಯೆಯನ್ನು ನೋಡುವವರು ಕಡಿಮೆ. ಪರದೆಯ ಕೊನೆಯ ಸಾಲು ಓದಿ ತೀರ್ಪು ಕೊಡುವವರೇ ಹೆಚ್ಚು.

137ರ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಕಡೆಯ ವಿದ್ಯಾರ್ಥಿಗಳನ್ನು ಅತಿ ಹೆಚ್ಚು ಕಾಡುವುದು ಅದೇ. ವಿನೋಬನಗರದ ಬಾಡಿಗೆ ರೂಮುಗಳಲ್ಲಿ ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಕಡೆಯ ವರ್ಷದ ಪ್ರಾಜೆಕ್ಟಿಗೆಂದು ಡೇಟಾಬೇಸ್ ಹೋಲಿಕೆ ಮಾಡಲು ಕೂರುತ್ತಾರೆ. ಕೈಯಲ್ಲಿರುವುದು 8 ಜಿಬಿಯ ಒಂದೇ ಲ್ಯಾಪ್‌ಟಾಪ್. ಡೇಟಾಬೇಸ್ ಅದರಲ್ಲೇ, ಬೆಂಚ್‌ಮಾರ್ಕ್ ಸಾಧನ ಅದರಲ್ಲೇ, ಜೊತೆಗೆ ಇಪ್ಪತ್ತು ಟ್ಯಾಬ್ ತೆರೆದ ಬ್ರೌಸರ್. ಪೋಸ್ಟ್‌ಗ್ರೆಸ್‌ನಲ್ಲಿ ವರ್ಕ್-ಮೆಮ್ ಎಂಬ ಒಂದು ಮಿತಿ ಇದೆ. ಪ್ರಶ್ನೆಯೊಳಗಿನ ಒಂದೊಂದು ವಿಂಗಡಣೆಗೆ ಎಷ್ಟು ಮೆಮೊರಿ ಬಳಸಬಹುದು ಎಂದು ಅದು ಹೇಳುತ್ತದೆ. ಮೂಲದಲ್ಲಿ ಅದು 4 ಎಂಬಿ. ವೇಗ ಹೆಚ್ಚಲಿ ಎಂದು ಯಾರೋ ಹೇಳಿದ್ದು ಕೇಳಿ ಅದನ್ನು 64 ಎಂಬಿ ಮಾಡಿದರೆನ್ನಿ. ವಿಂಗಡಣೆ ಬೇಡುವ ಪ್ರಶ್ನೆಯನ್ನು ನೂರು ಸಂಪರ್ಕಗಳು ಒಟ್ಟಿಗೆ ಕೇಳಿದರೆ 6,400 ಎಂಬಿ, ಅಂದರೆ ಆರು ಜಿಬಿಗೂ ಮೇಲೆ. ಅದೂ ಒಂದು ಪ್ರಶ್ನೆಗೆ ಒಂದೇ ವಿಂಗಡಣೆ ಇದ್ದರೆ. ಲ್ಯಾಪ್‌ಟಾಪಿನಲ್ಲಿ ಅಷ್ಟು ಜಾಗವಿಲ್ಲ.

ಆಗ ಲಿನಕ್ಸ್ ಕರ್ನಲ್ ಒಂದು ಕಠಿಣ ತೀರ್ಮಾನ ತೆಗೆದುಕೊಳ್ಳುತ್ತದೆ. ಇಡೀ ಯಂತ್ರ ಉಸಿರುಗಟ್ಟುವ ಬದಲು ಒಬ್ಬರನ್ನು ಬಲಿ ಕೊಡುವುದು. ಹೆಚ್ಚು ಮೆಮೊರಿ ಹಿಡಿದು ಕೂತವರತ್ತ ಮೊದಲು ಅದರ ಕಣ್ಣು ಹೋಗುತ್ತದೆ. ಕೆಲವೊಮ್ಮೆ ಬಲಿಯಾಗುವುದು ಸಾಧನ, ಬಹಳ ಸಲ ಡೇಟಾಬೇಸಿನ ಒಂದು ಪ್ರೋಸೆಸ್. ಕರ್ನಲ್‌ನ ದಿನಚರಿಯಲ್ಲಿ ‘ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೋಸೆಸ್’ ಎಂದು, ಪ್ರೋಸೆಸ್‌ನ ಸಂಖ್ಯೆ ಹೆಸರುಗಳ ಸಮೇತ ಅದು ಬರೆದಿಡುತ್ತದೆ. ಕೊಂದವರೇ ಬರೆದ ದಾಖಲೆ. ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇರೆ ಬೇಕಿಲ್ಲ. ಆದರೆ ಬೆಂಚ್‌ಮಾರ್ಕ್ ಓಡುತ್ತಿದ್ದ ಕಿಟಕಿಯಲ್ಲಿ ಇದರ ಸುಳಿವೇ ಇರುವುದಿಲ್ಲ. ಅಲ್ಲಿ ಕಾಣುವುದು ‘ಸರ್ವರ್ ಸಂಪರ್ಕವನ್ನು ಅನಿರೀಕ್ಷಿತವಾಗಿ ಕಡಿದುಕೊಂಡಿತು’ ಎಂಬ ಅರ್ಥದ ಸಾಲು ಮಾತ್ರ.

ಅದೂ ಒಂದಲ್ಲ, ನೂರು ಸಾಲು. ಪೋಸ್ಟ್‌ಗ್ರೆಸ್‌ನ ನಡೆ ಇಲ್ಲಿ ಗಮನಿಸುವಂಥದು. ಒಂದೊಂದು ಸಂಪರ್ಕಕ್ಕೂ ಅದು ಒಂದೊಂದು ಪ್ರೋಸೆಸ್ ಕೊಡುತ್ತದೆ, ಆದರೆ ಎಲ್ಲರೂ ಒಂದೇ ಹಂಚಿಕೊಂಡ ಮೆಮೊರಿಯಲ್ಲಿ ಕೆಲಸ ಮಾಡುತ್ತಾರೆ. ಅವರಲ್ಲಿ ಒಬ್ಬ ಅಕಾಲದಲ್ಲಿ ಸತ್ತರೆ, ಆ ಮೆಮೊರಿಯಲ್ಲಿ ಅವನು ಅರ್ಧ ಬರೆದು ಬಿಟ್ಟದ್ದು ಏನಿದೆಯೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ಮುಖ್ಯ ಪ್ರೋಸೆಸ್ ಉಳಿದವರೆಲ್ಲರನ್ನೂ ಮನೆಗೆ ಕಳಿಸಿ, ಬರೆದಿಟ್ಟ ದಿನಚರಿಯಿಂದ ಡೇಟಾಬೇಸನ್ನು ಮತ್ತೆ ಸರಿಯಾದ ಸ್ಥಿತಿಗೆ ತಂದು, ಆಮೇಲೆ ಬಾಗಿಲು ತೆರೆಯುತ್ತದೆ. ಸತ್ತದ್ದು ಒಂದು, ದೂರು ಕೊಟ್ಟದ್ದು ತೊಂಬತ್ತೊಂಬತ್ತು. ಪರದೆಯ ಮೇಲೆ ಆ ತೊಂಬತ್ತೊಂಬತ್ತರ ಗದ್ದಲದಲ್ಲಿ ಮೊದಲನೆಯದು ಎಂದೋ ಮೇಲೆ ಸರಿದು ಮಾಯವಾಗಿರುತ್ತದೆ. ಆದ್ದರಿಂದ ಸಾಧನದ ಮಾತನ್ನೆಲ್ಲ ಕಡತಕ್ಕೆ ಹರಿಸಿ, ಕೆಳಗಿನಿಂದ ಅಲ್ಲ, ಮೇಲಿನಿಂದ ಓದಬೇಕು. ಸರ್ವರ್‌ನ ಲಾಗ್‌ನಲ್ಲಿ ‘9ನೇ ಸಿಗ್ನಲ್‌ನಿಂದ ಅಂತ್ಯವಾಯಿತು’ ಎಂಬ ಆ ಒಂದು ಸಾಲು ಸಿಕ್ಕರೆ ಮುಕ್ಕಾಲು ಕೆಲಸ ಮುಗಿಯಿತು.

ಆ ಸಾಲನ್ನು ಹುಡುಕುವಾಗ ನಮ್ಮ ದೇಶದವರು ಎಡವುವ ಒಂದು ತೊಡಕಿದೆ. ಮೈಎಸ್‌ಕ್ಯೂಎಲ್‌ನ ದೋಷದ ಲಾಗ್ ತಾನಾಗಿ ಸಮಯ ಬರೆಯುವುದು ಯುಟಿಸಿಯಲ್ಲಿ, ನಮ್ಮ ಗಡಿಯಾರದಲ್ಲಲ್ಲ. ಡಾಕರ್ ಪೆಟ್ಟಿಗೆಯೊಳಗಿನ ಸರ್ವರ್‌ಗಳೂ ಸಾಮಾನ್ಯವಾಗಿ ಹಾಗೇ. ವಿನೋಬನಗರದಲ್ಲಿ ರಾತ್ರಿ 9:40ಕ್ಕೆ ಬಿದ್ದದ್ದು ಲಾಗ್‌ನಲ್ಲಿ 16:10 ಎಂದು ಕೂತಿರುತ್ತದೆ. ಐದೂವರೆ ಗಂಟೆಯ ಈ ಅಂತರ ಗೊತ್ತಿಲ್ಲದವರು 21:40ರ ಸುತ್ತ ಹುಡುಕಿ, ಏನೂ ಕಾಣದೆ, ಸರ್ವರ್‌ನಲ್ಲಿ ತೊಂದರೆಯೇ ಇರಲಿಲ್ಲ, ತಪ್ಪು ಸಾಧನದ್ದೇ ಎಂದು ಬರೆದುಬಿಡುತ್ತಾರೆ. ಎರಡೂ ಲಾಗ್‌ಗಳನ್ನು ಅಕ್ಕಪಕ್ಕ ಇಟ್ಟು, ಸಮಯ ಹೊಂದಿಸಿಕೊಂಡ ಮೇಲೆಯೇ ಓದಬೇಕು.

ಇನ್ನೊಂದು ಬಗೆಯ ಬೀಳುವಿಕೆಯಲ್ಲಿ ಯಾರೂ ಸಾಯುವುದಿಲ್ಲ. ಎಲ್ಲೋ ಒಂದು ಮಿತಿ ಮುಗಿದಿರುತ್ತದೆ, ಅಷ್ಟೇ. ಪೋಸ್ಟ್‌ಗ್ರೆಸ್ ಮೂಲದಲ್ಲಿ 100 ಸಂಪರ್ಕಕ್ಕೆ ನಿಲ್ಲುತ್ತದೆ, ಮೈಎಸ್‌ಕ್ಯೂಎಲ್ 151ಕ್ಕೆ. ಒಂದು ಪ್ರೋಗ್ರಾಮ್ 1,024 ಕಡತಗಳಿಗಿಂತ ಹೆಚ್ಚು ತೆರೆಯದ ಹಾಗೆ ಬಹಳಷ್ಟು ಲಿನಕ್ಸ್ ಯಂತ್ರಗಳು ತಡೆಯುತ್ತವೆ, ಮತ್ತು ಲಿನಕ್ಸ್‌ನ ಲೆಕ್ಕದಲ್ಲಿ ಸಂಪರ್ಕವೂ ಒಂದು ಕಡತವೇ. ಇವು ಬೇಗ ಸಿಕ್ಕಿಬೀಳುತ್ತವೆ, ಸಂದೇಶವೂ ನೇರ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಸಿಸ್‌ಬೆಂಚ್ ಬಳಸುವವರು ಎಡವುವ ಒಂದು ಸಂಖ್ಯೆ: 16,382.

ಅದರ ಹಿನ್ನೆಲೆ ಹೀಗಿದೆ. ಒಂದೇ ರೀತಿಯ ಪ್ರಶ್ನೆಯನ್ನು ಸಾವಿರ ಸಲ ಕೇಳುವುದಿದ್ದರೆ, ಅದನ್ನು ಮೊದಲೇ ಡೇಟಾಬೇಸ್‌ಗೆ ಕೊಟ್ಟು ಸಿದ್ಧ ಮಾಡಿಸಿಟ್ಟು, ಆಮೇಲೆ ಅಂಕಿಗಳನ್ನಷ್ಟೇ ಕಳಿಸಬಹುದು. ಇವಕ್ಕೆ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಎನ್ನುತ್ತಾರೆ. ಮೈಎಸ್‌ಕ್ಯೂಎಲ್ ಇಡೀ ಸರ್ವರ್‌ನಲ್ಲಿ ಇಂಥವು 16,382ಕ್ಕಿಂತ ಹೆಚ್ಚು ಇರದ ಹಾಗೆ ಮೂಲದಲ್ಲೇ ಮಿತಿ ಹಾಕಿದೆ. ಸಿಸ್‌ಬೆಂಚ್‌ನ ಓದು-ಬರಹದ ಪರೀಕ್ಷೆ ಒಂದು ಟೇಬಲ್‌ಗೆ ಒಂಬತ್ತು ಪ್ರಶ್ನೆ ಸಿದ್ಧ ಮಾಡಿಸುತ್ತದೆ: ಒಂದು ಸಾಲು ಹೆಕ್ಕುವುದು, ನಾಲ್ಕು ಬಗೆಯ ವ್ಯಾಪ್ತಿಯ ಓದು, ಎರಡು ತಿದ್ದುಪಡಿ, ಒಂದು ಅಳಿಸುವಿಕೆ, ಒಂದು ಸೇರ್ಪಡೆ. ವ್ಯವಹಾರ ಶುರುಮಾಡಲು, ಮುಗಿಸಲು ಒಂದೊಂದು ಥ್ರೆಡ್‌ಗೆ, ಅಂದರೆ ಒಬ್ಬೊಬ್ಬ ವೇಷದ ಗ್ರಾಹಕನಿಗೆ, ಇನ್ನೆರಡು. 16 ಟೇಬಲ್ ಇಟ್ಟುಕೊಂಡರೆ ಒಂದು ಥ್ರೆಡ್‌ಗೆ 146. ಈಗ ಥ್ರೆಡ್ ಏರಿಸುತ್ತ ಹೋಗಿ. 112 ಥ್ರೆಡ್‌ಗೆ 16,352; ಸರಾಗ. 113ಕ್ಕೆ 16,498, ಸಾಧನ ಶುರುವಿನಲ್ಲೇ ಬೀಳುತ್ತದೆ.

64 ಥ್ರೆಡ್‌ಗೆ ಚೆನ್ನಾಗಿ ಓಡಿ 128ಕ್ಕೆ ಬಿದ್ದದ್ದನ್ನು ಕಂಡವರು ಏನೆಂದುಕೊಳ್ಳುತ್ತಾರೆ? ‘ಈ ಯಂತ್ರಕ್ಕೆ 128ರ ಹೊರೆ ಹೊರಲಾಗದು’ ಎಂದು. ಅಸಲಿಗೆ ಯಂತ್ರಕ್ಕೆ ಹೊರೆ ತಾಗಿಯೇ ಇಲ್ಲ. ಪ್ರೊಸೆಸರ್ ಖಾಲಿ ಕೂತಿದೆ, ಡಿಸ್ಕ್ ಖಾಲಿ ಕೂತಿದೆ, ಎಣಿಕೆಯ ಮಿತಿ ಮಾತ್ರ ದಾಟಿದೆ. ಸರ್ವರ್‌ನಲ್ಲಿ ಮಿತಿ ಏರಿಸಿದರೆ ಅಥವಾ ಸಿಸ್‌ಬೆಂಚ್‌ಗೆ ಪ್ರಶ್ನೆ ಸಿದ್ಧ ಮಾಡಿಸಬೇಡ ಎಂದರೆ ಓಡುತ್ತದೆ. ಆದರೆ ಈ ಎರಡು ಪರಿಹಾರ ಒಂದೇ ಅಲ್ಲ ಎಂಬುದನ್ನು ನೆನಪಿಡಬೇಕು. ಎರಡನೆಯದನ್ನು ಆರಿಸಿದರೆ ಪ್ರತಿ ಪ್ರಶ್ನೆಯನ್ನೂ ಡೇಟಾಬೇಸ್ ಹೊಸದಾಗಿ ಬಿಡಿಸಿ ಅರ್ಥಮಾಡಿಕೊಳ್ಳಬೇಕು. ಅಲ್ಲಿಗೆ ನೀವು ಅಳೆಯುತ್ತಿರುವ ಕೆಲಸವೇ ಬೇರೆಯಾಯಿತು. 64 ಥ್ರೆಡ್‌ನ ಹಳೆಯ ಅಂಕಿಯ ಪಕ್ಕದಲ್ಲಿ ಅದನ್ನು ಇಡುವ ಹಾಗಿಲ್ಲ. ಹಳೆಯದನ್ನೂ ಹೊಸ ವಿಧಾನದಲ್ಲಿ ಮತ್ತೆ ಓಡಿಸಬೇಕು.

ಹ್ಯಾಮರ್‌ಡಿಬಿಯ ತೊಂದರೆ ಬಹುಮಟ್ಟಿಗೆ ಹೊಸ್ತಿಲಲ್ಲೇ ಎದುರಾಗುತ್ತದೆ. ಟಿಸಿಎಲ್ ಭಾಷೆಯಲ್ಲಿ ಬರೆದ ಈ ಸಾಧನ ಒಂದೊಂದು ಡೇಟಾಬೇಸ್‌ನೊಂದಿಗೂ ಮಾತಾಡಲು ಆಯಾ ಕಂಪನಿಯ ಲೈಬ್ರರಿಯನ್ನು ಅವಲಂಬಿಸಿದೆ. ಆ ಲೈಬ್ರರಿ ಇಲ್ಲದಿದ್ದರೆ, ಅಥವಾ ಇದ್ದೂ ಬೇರೆ ಆವೃತ್ತಿಯದಾದರೆ, ‘ಕಡತ ಲೋಡ್ ಆಗಲಿಲ್ಲ’ ಎಂಬ ಸಂದೇಶ. ಅದನ್ನು ನೋಡಲೆಂದೇ ಹ್ಯಾಮರ್‌ಡಿಬಿಯಲ್ಲಿ ಲೈಬ್ರರಿಚೆಕ್ ಎಂಬ ಆಜ್ಞೆ ಇದೆ. ಮೊದಲು ಅದನ್ನು ಓಡಿಸಿ.

ಇನ್ನು ನಿಜವಾದ ಕ್ರ್ಯಾಶ್. ಪರದೆಯ ಮೇಲೆ ‘ಸೆಗ್ಮೆಂಟೇಶನ್ ಫಾಲ್ಟ್, ಕೋರ್ ಡಂಪ್ಡ್’ ಎಂದು ಬಂದಾಗ ಎದೆ ಧಸಕ್ಕೆನ್ನುತ್ತದೆ. ಆದರೆ ತನಿಖೆ ಮಾಡುವವರಿಗೆ ಇದರಷ್ಟು ಉಪಕಾರಿ ಬೇರಿಲ್ಲ. ಸತ್ತ ಕ್ಷಣದಲ್ಲಿ ಪ್ರೋಗ್ರಾಮ್‌ನ ಮೆಮೊರಿ ಹೇಗಿತ್ತೋ ಹಾಗೇ ಒಂದು ಕಡತಕ್ಕೆ ಇಳಿದಿರುತ್ತದೆ. ಹಲವು ಯಂತ್ರಗಳಲ್ಲಿ ಈ ಕಡತದ ಗಾತ್ರದ ಮಿತಿ ಸೊನ್ನೆ ಇರುವುದರಿಂದ ಅದು ಉಳಿಯುವುದಿಲ್ಲ. ಮೊದಲು ಆ ಮಿತಿ ತೆಗೆದು, ಮತ್ತೆ ಬೀಳಿಸಿ, ಜಿಡಿಬಿ ಎಂಬ ಸಾಧನದಲ್ಲಿ ಕಡತ ತೆರೆದು ‘ಬಿಟಿ’ ಎಂಬ ಎರಡಕ್ಷರ ಒತ್ತಬೇಕು. ಯಾವ ಫಂಕ್ಷನ್ ಯಾವುದನ್ನು ಕರೆಯಿತು, ಅದು ಮತ್ಯಾವುದನ್ನು ಕರೆಯಿತು ಎಂಬ ಸರಣಿ ಬರುತ್ತದೆ. ಮೇಲಿನ ಒಂದೆರಡು ಸಾಲುಗಳಲ್ಲಿ ಡೇಟಾಬೇಸ್ ಸಂಪರ್ಕದ ಲೈಬ್ರರಿಯ ಹೆಸರಿದ್ದರೆ ಒಂದು ದಾರಿ. ಸಿಸ್‌ಬೆಂಚ್ ತನ್ನ ಪರೀಕ್ಷೆಗಳನ್ನು ಓಡಿಸಲು ಬಳಸುವ ಲುವಾಜಿಟ್‌ನ ಹೆಸರಿದ್ದರೆ ಇನ್ನೊಂದು ದಾರಿ. ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬಂದರೆ ಡೀಬಗ್ ಮಾಹಿತಿ ಇಲ್ಲದ ಪ್ರತಿ ಅದು. ಮೂಲವನ್ನು ಇಳಿಸಿಕೊಂಡು ಆ ಮಾಹಿತಿಯೊಂದಿಗೆ ನಾವೇ ಕಟ್ಟಿಕೊಂಡು ಮತ್ತೆ ಬೀಳಿಸಬೇಕು. ಮುಕ್ತ ತಂತ್ರಾಂಶದಲ್ಲಿ ಇದು ಸಾಧ್ಯ ಎಂಬುದನ್ನು ನಾನು ಸಣ್ಣ ಸಂಗತಿಯೆಂದು ಭಾವಿಸಿಲ್ಲ. ಬಿದ್ದ ಸಾಲಿನ ಸಂಖ್ಯೆ ಸಿಕ್ಕ ಕೂಡಲೇ ಆ ಸಾಲನ್ನು ತೆರೆದು ಓದಬಹುದು. ಅದನ್ನು ಬರೆದವರು ಎಲ್ಲಿಯವರಾದರೂ ಓದುವ ಅವಕಾಶ ಸವಳಂಗ ರಸ್ತೆಯ ಹಾಸ್ಟೆಲಿನಲ್ಲಿರುವವರಿಗೂ ಅಷ್ಟೇ ಇದೆ.

ಹಿಂದಿನ ವಾರ ಸರಿಯಾಗಿದ್ದು ಹೊಸ ಆವೃತ್ತಿಯಲ್ಲಿ ಬೀಳುತ್ತಿದ್ದರೆ ತಂತ್ರಾಂಶದ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನ ಬೈಸೆಕ್ಟ್ ಆಜ್ಞೆ ನೆರವಿಗೆ ಬರುತ್ತದೆ. ಹಳೆಯದಕ್ಕೂ ಹೊಸದಕ್ಕೂ ನಡುವೆ ಸಾವಿರ ಬದಲಾವಣೆಗಳಿದ್ದರೂ, ನಡುವಿನದನ್ನು ಓಡಿಸಿ ನೋಡು, ಬಿದ್ದರೆ ಹಿಂದಿನ ಅರ್ಧ, ಬೀಳದಿದ್ದರೆ ಮುಂದಿನ ಅರ್ಧ ಎಂದು ಹೋದರೆ ಹತ್ತೇ ಪ್ರಯತ್ನದಲ್ಲಿ ತಪ್ಪು ನುಸುಳಿದ ಬದಲಾವಣೆ ಕೈಗೆ ಸಿಗುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವು ದೋಷಗಳು ಕೈಗೆ ಸಿಗುವುದಿಲ್ಲ. ಜಿಡಿಬಿಯೊಳಗೆ ಓಡಿಸಿದರೆ ಬೀಳುವುದೇ ಇಲ್ಲ. ಹೊರಗೆ ತಂದರೆ ಬೀಳುತ್ತದೆ. ಡೆಬಿಟ್‌ಕ್ರೆಡಿಟ್ ಪರೀಕ್ಷೆಯ ಹಿಂದಿದ್ದ ಅದೇ ಜಿಮ್ ಗ್ರೇ, ಅದೇ 1985ರಲ್ಲಿ, ‘ಕಂಪ್ಯೂಟರುಗಳು ಏಕೆ ನಿಲ್ಲುತ್ತವೆ, ಅದಕ್ಕೇನು ಮಾಡಬಹುದು’ ಎಂಬ ವರದಿಯನ್ನೂ ಬರೆದರು. ಎರಡೂ ಒಂದೇ ವರ್ಷದವು, ಒಂದೇ ತಲೆಯವು ಎಂಬುದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಟ್ಯಾಂಡಮ್ ಯಂತ್ರಗಳು ನಿಂತ ಪ್ರಸಂಗಗಳನ್ನು ಅವರು ವಿಂಗಡಿಸಿದಾಗ ಶೇ 42ರಷ್ಟು ನಿರ್ವಹಣೆಯ ಕೈತಪ್ಪು, ಶೇ 25 ತಂತ್ರಾಂಶ, ಶೇ 18 ಯಂತ್ರಾಂಶ, ಶೇ 14 ವಿದ್ಯುತ್ತು ಮುಂತಾದ ಪರಿಸರದ ಕಾರಣ ಎಂದು ಕಂಡಿತು. ತಂತ್ರಾಂಶದ ದೋಷಗಳನ್ನು ಅವರು ಎರಡು ಗುಂಪು ಮಾಡಿದರು. ಪ್ರತಿ ಸಲವೂ ಒಂದೇ ಕಡೆ ಬೀಳಿಸುವ ಗಟ್ಟಿ ದೋಷಗಳಿಗೆ ಭೌತವಿಜ್ಞಾನಿ ಬೋರ್ ಹೆಸರು. ನೋಡಲು ಹೋದರೆ ಜಾರಿಕೊಳ್ಳುವ ದೋಷಗಳಿಗೆ ಇನ್ನೊಬ್ಬ ಭೌತವಿಜ್ಞಾನಿ ಹೈಸನ್‌ಬರ್ಗ್ ಹೆಸರು. ಬಳಕೆಗೆ ಬಂದು ಪಳಗಿದ ತಂತ್ರಾಂಶದಲ್ಲಿ ಉಳಿದಿರುವುದು ಹೆಚ್ಚಾಗಿ ಎರಡನೆಯ ಬಗೆಯವೇ, ಮೊದಲನೆಯವು ಪರೀಕ್ಷೆಯಲ್ಲೇ ಸಿಕ್ಕಿಬಿದ್ದಿರುತ್ತವೆ ಎಂದರು.

ಬೆಂಚ್‌ಮಾರ್ಕ್ ಸಾಧನಗಳಲ್ಲಿ ಈ ಜಾರುವ ದೋಷ ಹೆಚ್ಚಲು ಕಾರಣವಿದೆ. ನೂರಾರು ಥ್ರೆಡ್‌ಗಳು ಏಕಕಾಲಕ್ಕೆ ಓಡುತ್ತವೆ, ಯಾವುದು ಯಾವುದಕ್ಕಿಂತ ಮುಂದೆ ಎಂಬುದು ಪ್ರತಿ ಸಲ ಬೇರೆ. ಜೊತೆಗೆ ಅವು ಆರಿಸುವ ಸಾಲುಗಳೂ ಯಾದೃಚ್ಛಿಕ. ಸಿಸ್‌ಬೆಂಚ್ ತಾನಾಗಿ ಗಡಿಯಾರದ ಸಮಯವನ್ನೇ ಬೀಜವಾಗಿಟ್ಟು ಆ ಸಂಖ್ಯೆಗಳನ್ನು ಹುಟ್ಟಿಸುತ್ತದೆ. ಬೀಜದ ಸಂಖ್ಯೆಯನ್ನು ನಾವೇ ಕೊಟ್ಟರೆ ಕನಿಷ್ಠ ಆ ಒಂದು ಚಂಚಲತೆ ನಿಲ್ಲುತ್ತದೆ. ಪಿಜಿಬೆಂಚ್‌ನಲ್ಲೂ ಅದೇ ಸೌಲಭ್ಯ ಇದೆ. ಆಮೇಲೆ ಥ್ರೆಡ್‌ಗಳನ್ನು ಅರ್ಧಕ್ಕರ್ಧ ಇಳಿಸುತ್ತ, ಟೇಬಲ್‌ಗಳನ್ನು ಕಡಿಮೆ ಮಾಡುತ್ತ, ಇನ್ನೂ ಬೀಳುವ ಅತಿ ಚಿಕ್ಕ ಸನ್ನಿವೇಶ ಯಾವುದು ಎಂದು ಹುಡುಕಬೇಕು. ಬೇಸರದ ಕೆಲಸ. ಆದರೆ ಎರಡು ಥ್ರೆಡ್, ಒಂದು ಟೇಬಲ್‌ಗೆ ಇಳಿಸಿ ಬೀಳಿಸಿ ತೋರಿಸಿದವರ ದೂರನ್ನು ಯಾವ ನಿರ್ವಾಹಕರೂ ಪಕ್ಕಕ್ಕಿಡಲಾರರು.

ಗ್ರೇ ಪಟ್ಟಿಯ ಕೊನೆಯ ಶೇ 14 ಮಲೆನಾಡಿನವರಿಗೆ ಚಿರಪರಿಚಿತ. ಜುಲೈ ಮಳೆಯಲ್ಲಿ ಎಲ್ಲೋ ಮರ ಬೀಳುತ್ತದೆ, ಕರೆಂಟು ಹೋಗುತ್ತದೆ, ಯುಪಿಎಸ್ ಇಲ್ಲದ ಯಂತ್ರ ಅಲ್ಲಿಗೇ ಕಪ್ಪಾಗುತ್ತದೆ. ಪೋಸ್ಟ್‌ಗ್ರೆಸ್ ಇದಕ್ಕೆ ಸಿದ್ಧವಾಗಿಯೇ ಇದೆ: ಪ್ರತಿ ವ್ಯವಹಾರವನ್ನೂ ಡಿಸ್ಕಿಗೆ ಮುಟ್ಟಿಸಿದ ಮೇಲೆಯೇ ‘ಆಯಿತು’ ಎನ್ನುತ್ತದೆ, ಕರೆಂಟು ಬಂದ ಮೇಲೆ ಸರಿಪಡಿಸಿಕೊಳ್ಳುತ್ತದೆ. ಆದರೆ ಬೆಂಚ್‌ಮಾರ್ಕ್‌ನಲ್ಲಿ ದೊಡ್ಡ ಅಂಕಿ ಬರಲೆಂದು ಎಫ್‌ಸಿಂಕ್ ಎಂಬ ಆ ಕಾವಲನ್ನೇ ತೆಗೆದುಹಾಕುವವರಿದ್ದಾರೆ. ಅಂಕಿ ನಿಜಕ್ಕೂ ಏರುತ್ತದೆ. ಆಗ ಕರೆಂಟು ಹೋದರೆ ಡೇಟಾಬೇಸ್ ಮತ್ತೆ ಮೇಲೇಳದಷ್ಟು ಕೆಡಬಹುದು. ಹಾಗೆ ಕೆಟ್ಟದ್ದನ್ನು ತಂದು ‘ಪೋಸ್ಟ್‌ಗ್ರೆಸ್ ಕ್ರ್ಯಾಶ್ ಆಗುತ್ತದೆ’ ಎಂದರೆ ಅನ್ಯಾಯ. ವೇಗವೇ ಬೇಕಿದ್ದರೆ ಅದನ್ನು ಮುಟ್ಟದೆ ಸಿಂಕ್ರನಸ್ ಕಮಿಟ್ ಎಂಬ ಬೇರೊಂದು ಆಯ್ಕೆಯನ್ನು ಆಫ್ ಮಾಡಬಹುದು. ಹಾಗೆ ಮಾಡಿದರೆ ಕೊನೆಯ ಕ್ಷಣದ ಕೆಲವು ವ್ಯವಹಾರ ಕಳೆದುಹೋದೀತು, ಡೇಟಾಬೇಸ್ ಕೆಡುವುದಿಲ್ಲ.

ಬಿದ್ದದ್ದಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಬೀಳದೆಯೇ ಸುಳ್ಳು ಹೇಳುವ ಓಟ. ಸಿಸ್‌ಬೆಂಚ್‌ನ ಫಲಿತಾಂಶದಲ್ಲಿ ‘ಇಗ್ನೋರ್ಡ್ ಎರರ್ಸ್’ ಎಂಬ ಒಂದು ಸಾಲಿದೆ. ಎರಡು ವ್ಯವಹಾರಗಳು ಒಂದನ್ನೊಂದು ಕಾಯುತ್ತ ಗಂಟು ಬಿದ್ದರೆ ಮೈಎಸ್‌ಕ್ಯೂಎಲ್ ಒಂದನ್ನು ರದ್ದು ಮಾಡಿ 1213ನೇ ದೋಷ ಕೊಡುತ್ತದೆ. ಸಿಸ್‌ಬೆಂಚ್ ಅದನ್ನು ಮೂಲದಲ್ಲೇ ಕ್ಷಮಿಸಿ ಮುಂದೆ ಹೋಗುತ್ತದೆ, ಎಣಿಕೆಯನ್ನು ಮಾತ್ರ ಆ ಸಾಲಿನಲ್ಲಿ ಬರೆಯುತ್ತದೆ. ಸೊನ್ನೆಯಿದ್ದರೆ ಸರಿ. ಸಾವಿರಗಟ್ಟಲೆ ಇದ್ದರೆ ಮೇಲಿನ ದೊಡ್ಡ ಅಂಕಿಯನ್ನು ಇನ್ನೊಮ್ಮೆ ಯೋಚಿಸಿ ನೋಡಬೇಕು. ಇದಕ್ಕಿಂತ ಸೂಕ್ಷ್ಮವಾದದ್ದನ್ನು ಗಿಲ್ ಟೆನೆ ಎಂಬ ಎಂಜಿನಿಯರ್ ಎತ್ತಿ ತೋರಿಸಿದರು. ಡೇಟಾಬೇಸ್ ಹತ್ತು ಸೆಕೆಂಡು ಮರವಟ್ಟು ನಿಂತಿತೆನ್ನಿ. ಉತ್ತರ ಬಂದ ಮೇಲೆಯೇ ಮುಂದಿನ ಕೋರಿಕೆ ಕಳಿಸುವ ಸಾಧನ ಆ ಹತ್ತು ಸೆಕೆಂಡೂ ಸುಮ್ಮನೆ ಕಾಯುತ್ತದೆ, ಒಂದೇ ಒಂದು ನಿಧಾನದ ಕೋರಿಕೆ ಎಂದು ಬರೆದುಕೊಳ್ಳುತ್ತದೆ. ನಿಜ ಜೀವನದಲ್ಲಿ ಆ ಹತ್ತು ಸೆಕೆಂಡಿನಲ್ಲಿ ಸಾವಿರಾರು ಜನ ಬಂದು ಸಾಲಿನಲ್ಲಿ ನಿಂತಿರುತ್ತಿದ್ದರು. ಅವರು ಯಾರೂ ಲೆಕ್ಕಕ್ಕೆ ಬರಲಿಲ್ಲ. ಗೃಹಜ್ಯೋತಿಯ ಸಾಲಿನಲ್ಲಿ ನಿಂತವರಿಗೆ ಈ ತಪ್ಪು ಎಷ್ಟು ದೊಡ್ಡದು ಎಂದು ವಿವರಿಸಬೇಕಿಲ್ಲ. ವೈಸಿಎಸ್‌ಬಿ ಆಮೇಲೆ, ಕೋರಿಕೆ ಹೊರಡಬೇಕಿದ್ದ ಸಮಯದಿಂದಲೇ ಎಣಿಸುವ ಆಯ್ಕೆಯನ್ನು ಸೇರಿಸಿಕೊಂಡಿತು.

ಕಾರಣ ಸಿಕ್ಕ ಮೇಲೆ, ಅಥವಾ ಸಿಗದೆ ಕೈಚೆಲ್ಲಿದ ಮೇಲೆ, ಬರೆದು ಕಳಿಸುವ ಕೆಲಸ ಉಳಿಯುತ್ತದೆ. ‘ನಿಮ್ಮ ಸಾಧನ ಕ್ರ್ಯಾಶ್ ಆಗುತ್ತಿದೆ, ದಯವಿಟ್ಟು ಸರಿಮಾಡಿ’ ಎಂಬ ಒಂದು ಸಾಲಿನ ದೂರಿನಿಂದ ಯಾರಿಗೂ ಪ್ರಯೋಜನವಿಲ್ಲ. ಸಾಧನದ ಆವೃತ್ತಿ, ಡೇಟಾಬೇಸಿನ ಆವೃತ್ತಿ, ಲಿನಕ್ಸ್‌ನ ಆವೃತ್ತಿ, ಒತ್ತಿದ ಆಜ್ಞೆ ಅಕ್ಷರಶಃ, ನಿರ್ಗಮನ ಸಂಖ್ಯೆ, ಮೊದಲ ದೋಷದ ಸಾಲು, ಅದೇ ಕ್ಷಣದ ಸರ್ವರ್ ಲಾಗ್, ಇದ್ದರೆ ಜಿಡಿಬಿಯ ಸರಣಿ — ಇಷ್ಟಿದ್ದರೆ ಓದುವವರು ತಮ್ಮ ಯಂತ್ರದಲ್ಲಿ ಅದನ್ನೇ ಮತ್ತೆ ಬೀಳಿಸಬಲ್ಲರು. ಮಾಹಿತಿಯಲ್ಲಿ ಪಾಸ್‌ವರ್ಡ್ ಉಳಿದಿದೆಯೇ ಎಂದು ಕಳಿಸುವ ಮುನ್ನ ನೋಡಿಕೊಳ್ಳಬೇಕು. ಸಿಸ್‌ಬೆಂಚ್‌ನ ಆಜ್ಞೆಯ ಸಾಲಿನಲ್ಲೇ ಅದು ರಾಜಾರೋಷವಾಗಿ ಕೂತಿರುತ್ತದೆ.

ಇಂಥ ತೊಡಕುಗಳನ್ನು ಬೆನ್ನುಹತ್ತಿದರೆ ಏನಾಗುತ್ತದೆ ಎಂಬುದಕ್ಕೆ ಪಿಜಿಬೆಂಚ್‌ನಲ್ಲೇ ಒಂದು ನಿದರ್ಶನವಿದೆ. ಅದು ತನ್ನ ಸಂಪರ್ಕಗಳನ್ನು ಗಮನಿಸಲು ಸೆಲೆಕ್ಟ್ ಎಂಬ ಹಳೆಯ ವ್ಯವಸ್ಥೆಯನ್ನು ಬಳಸುತ್ತಿತ್ತು, ಮತ್ತು ಲಿನಕ್ಸ್‌ನಲ್ಲಿ ಆ ವ್ಯವಸ್ಥೆ 1,024ರ ಆಚೆಗೆ ಎಣಿಸಲಾರದು. ದೊಡ್ಡ ಸರ್ವರ್‌ಗಳಿಗೆ ಸಾವಿರಾರು ಸಂಪರ್ಕ ಕೊಟ್ಟು ಪರೀಕ್ಷಿಸಹೊರಟವರಿಗೆ ಸಾಧನವೇ ಅಡ್ಡ ನಿಲ್ಲುತ್ತಿತ್ತು. 2019ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ಪೋಸ್ಟ್‌ಗ್ರೆಸ್ 12ರಲ್ಲಿ, ಪಿಪೋಲ್ ಎಂಬ ಹೊಸ ವ್ಯವಸ್ಥೆ ಲಭ್ಯವಿರುವ ಕಡೆ ಅದನ್ನೇ ಬಳಸುವಂತೆ ಬದಲಿಸಿದರು. ಅಂದಿನಿಂದ ಆ ಮಿತಿ ಪಿಜಿಬೆಂಚ್‌ನದಾಗಿ ಉಳಿದಿಲ್ಲ. ಈಗ ಐದು ಸಾವಿರ ಸಂಪರ್ಕ ಕೇಳಿ ಬಿದ್ದರೆ ಕಡತಗಳ ಮಿತಿಯನ್ನೂ ಸರ್ವರ್‌ನ ಸಂಪರ್ಕದ ಮಿತಿಯನ್ನೂ ಮೊದಲು ನೋಡಬೇಕು.